‘0130 ಅವರ್ಸ್’ ಅಂದ್ರ ಯಾವತ್ತಿನ ರಾತ್ರಿ?

ಗದಗ_ಹುಡುಗ:
ತಮ್ಮಗ ಸೈನ್ಯ ಭರ್ತಿ ರ‍್ಯಾಲಿ ಅಡ್ಮಿಟ್ ಕಾರ್ಡ್ ಬಂದೈತಿ. ರಿಪೋರ್ಟಿಂಗ್ ಟೈಮ್ 14ನೇ ತಾರೀಖು, 0130 ಅವರ್ಸ್. 14 ಮಂಗಳವಾರ. ಮನ್ಯಾಗ ಒಬ್ರು ಮಂಗಳವಾರ ರಾತ್ರಿ ಅಂತಾರ, ಇನ್ನೊಬ್ರು ಮಧ್ಯಾಹ್ನ ಒಂದೂವರಿ ಅಂತಾರ. ಹುಬ್ಬಳ್ಳಿಯಿಂದ ರೈಲಿಗೆ ಹೋಗೂದು, ಟಿಕೆಟ್ ಯಾವ ತಾರೀಖಿಗೆ ತಗೀಲಿ?

ಸಪ್ತಾಪುರದಂವ:
ಎರಡೂ ಅಲ್ಲ. ಸೋಮವಾರ ರಾತ್ರಿ ಊಟ ಆದ ಮ್ಯಾಲೆ ಬರೋ ಒಂದೂವರಿ. ಮಧ್ಯಾಹ್ನದ್ದಾಗಿದ್ರ 1330 ಅಂತ ಇರತಿತ್ತು. 14ರ ರಾತ್ರಿ ಹೋದ್ರ ಒಂದು ದಿನ ತಡ ಆಗಿರತದ.

ನಮ್ಮ ಮಾತಿನ್ಯಾಗ ಬೆಳಗಾಗೂತನಕ ಹಿಂದಿನ ವಾರಾನೇ ನಡದಿರತದ. ಪಂಚಾಂಗದಾಗೂ ವಾರ ಬದಲಾಗೋದು ಸೂರ್ಯೋದಯಕ್ಕ. ಮಿಲಿಟರಿ ಮತ್ತ ರೈಲ್ವೆ ತಾರೀಖು ನಡುರಾತ್ರಿ 0000ಕ್ಕ ಬದಲಾಗತದ. ಗೊಂದಲ ಹುಟ್ಟೋದು ಇಲ್ಲಿ.

ಓದೋ ಕ್ರಮ: 0100ರಿಂದ 1159 ಇದ್ದಂಗ ಓದ್ರಿ. 1200ರಿಂದ 1259 ಮಧ್ಯಾಹ್ನ ಹನ್ನೆರಡರ ತಾಸು, ಏನೂ ಕಳೀಬ್ಯಾಡ್ರಿ. 1300ರಿಂದ ಮುಂದ 12 ಕಳೀರಿ: 1745 ಅಂದ್ರ ಸಂಜಿ 5:45, 2210 ಅಂದ್ರ ರಾತ್ರಿ 10:10. 0000ರಿಂದ 0059 ರಾತ್ರಿ ಹನ್ನೆರಡರ ತಾಸು. 0040 ಅಂದ್ರ ಹನ್ನೆರಡು ನಲವತ್ತು. ಮಂದಿ ಎಡವೂದು ಈ ಎರಡು ಹನ್ನೆರಡಕ್ಕ, 17ಕ್ಕೋ 20ಕ್ಕೋ ಅಲ್ಲ.

ಕೇಶ್ವಾಪುರ_ಗಾಡಿ:
ಈ ಭರ್ತಿಗೆ 13ರ ಹಗಲಿನ ಗಾಡೀನ ಹಿಡೀರಿ. ಮುಂದ ರಾತ್ರಿ ಗಾಡಿಗೆ ಟಿಕೆಟ್ ತಗಿಯೂವಾಗ ಇದು ನೆನಪಿರಲಿ: ಬೆಂಗಳೂರಿಂದ 13ರ ಸಂಜಿ ಬಿಟ್ಟ ಗಾಡಿ ಹುಬ್ಬಳ್ಳಿಯಿಂದ 00:20ಕ್ಕ ಹೊಂಡೂದಿದ್ರ, ಹುಬ್ಬಳ್ಳಿಯಾಗ ಹತ್ತಾವ್ರ ಟಿಕೆಟ್ 14ರದ್ದು. ಸ್ಟೇಷನ್ನಿಗೆ ಹೋಗೂದು 13ರ ರಾತ್ರಿ. ಗಾಡಿ ಎಲ್ಲೈತಿ ಅಂತ ಮೊಬೈಲ್‌ನ್ಯಾಗ ನೋಡೂವಾಗ ‘ಹೊರಟ ತಾರೀಖು’ ಕೇಳಿದ್ರ ಮಾತ್ರ 13 ಹಾಕ್ರಿ. ಸ್ವಲ್ಪ ಮೊದಲ ಹೋಗ್ರಿ, ಹುಬ್ಬಳ್ಳಿಯ ಉದ್ದನ್ನ ಪ್ಲಾಟ್‌ಫಾರ್ಮ್ 1,507 ಮೀಟರ್ ಐತಿ. ಬೋಗಿ ಹುಡುಕೂದರಾಗ ಗಾಡಿ ಬಿಟ್ಟೀತು.

ಎಷ್ಟು ತಾಸಿನ ಪ್ರಯಾಣ ಅಂತ ಲೆಕ್ಕ ಮಾಡೂವಾಗ ಸಾದಾ ಸಂಖ್ಯೆಯಂಗ ಕಳೀಬ್ಯಾಡ್ರಿ. 1415ರಾಗ 1350 ಕಳದ್ರ 65 ಬರತೈತಿ, ಖರೇ ಅಂತರ 25 ನಿಮಿಷ. ನಡುರಾತ್ರಿ ದಾಟಿದ್ರ ಎರಡು ತುಂಡು ಮಾಡ್ರಿ: 2340ರಿಂದ 0515ಕ್ಕ ಮೊದಲ 20 ನಿಮಿಷ, ಆಮ್ಯಾಲ 5 ತಾಸು 15 ನಿಮಿಷ. ಒಟ್ಟು 5 ತಾಸು 35 ನಿಮಿಷ.

ಹಾವೇರಿ_ಹತ್ತಿ:
ಸಂಖ್ಯೆ ಹಿಂದ ‘ಝಡ್’ ಅಥವಾ ಯುಟಿಸಿ ಇದ್ರ (ಎರಡೂ ಒಂದೇ, ಜಗತ್ತಿಗೆಲ್ಲಾ ಒಂದೇ ಇರೋ ಅಂತರರಾಷ್ಟ್ರೀಯ ಟೈಮ್) ನಮ್ಮ ಟೈಮಿಗೆ 5 ತಾಸು 30 ನಿಮಿಷ ಕೂಡಸ್ರಿ. ಹವಾಮಾನ ಇಲಾಖೆಯ ಉಪಗ್ರಹ ಚಿತ್ರದಾಗ 1200 ಯುಟಿಸಿ ಅಂತಿದ್ರ ನಮಗ ಸಂಜಿ 5:30. ಮಳಿ ಅಳತಿ ಮಾಡೋ ಬೆಳಿಗ್ಗೆ 8:30 ಅಂದ್ರ 0300 ಯುಟಿಸಿ. 2000 ಝಡ್ ಇದ್ರ ನಮ್ಮ ತಾರೀಖೇ ಬದಲಾಗಿ ಮರುದಿನ 0130. ಅಡ್ಮಿಟ್ ಕಾರ್ಡಿನ ಟೈಮ್ ಇಲ್ಲಿಯದೇ, ಅದಕ್ಕ ಏನೂ ಕೂಡಸಬ್ಯಾಡ್ರಿ.

ಗದಗ_ಹುಡುಗ:
ಭಾಳ ಛಲೋ ಆತ್ರಿ. ರಾತ್ರಿ 12:15ಕ್ಕ ಎಬ್ಬಸಾಕ ಅಲಾರಾಂ ಇಡಬೇಕು. ಎಎಂ ಏನು, ಪಿಎಂ ಏನು?

ಸಪ್ತಾಪುರದಂವ:
ಎಎಂ. ಪಿಎಂ ಇಟ್ರ ಮಧ್ಯಾಹ್ನ ಬಡೀತದ. ಸೆಟ್ಟಿಂಗ್ಸ್‌ನ ‘ದಿನಾಂಕ ಮತ್ತು ಸಮಯ’ದಾಗ 24 ತಾಸಿನ ಗಡಿಯಾರ ಆನ್ ಮಾಡಿ 00:15 ಇಡ್ರಿ, ಆ ತಕರಾರೇ ಬರೂದಿಲ್ಲ.