ಸಹಾಯ ಬೇಕು: ಇದು ಹಳದಿ ಕಣಗಿಲೆಯೋ, ಅಲಮಂಡವೋ?

ಬೇಸಿಗೆಯ ಸಂಜೆ ಮನೆಮಂದಿಯೆಲ್ಲ ಬಡಾವಣೆಯ ಹೂದೋಟಗಳನ್ನು ನೋಡುತ್ತ ಅಡ್ಡಾಡುವಾಗ, ಒಂದು ಕಾಂಪೌಂಡಿನಿಂದ ಹೊರಚಾಚಿದ ಗಿಡದ ಹಳದಿ ಹೂಗಳನ್ನು ನಮ್ಮ ಪುಟ್ಟ ಮಗಳು ಆಯ್ದು ಬಾಯಿಗೂ ಒಯ್ಯುತ್ತಾಳೆ. ಹಳದಿ ಕಣಗಿಲೆಯ ಎಲ್ಲ ಭಾಗಗಳೂ, ಮುಖ್ಯವಾಗಿ ಬೀಜ, ಹೃದಯದ ಬಡಿತವನ್ನೇ ಏರುಪೇರು ಮಾಡುವಷ್ಟು ವಿಷಕಾರಿಯಾದ್ದರಿಂದ ನನಗೆ ಬಹಳ ಆತಂಕವಾಗಿದೆ. ಮೊಬೈಲ್ ಆ್ಯಪ್‌ಗೆ ಫೋಟೋ ಹಾಕಿದರೆ ಒಮ್ಮೆ ಕಣಗಿಲೆ, ಇನ್ನೊಮ್ಮೆ ಅಲಮಂಡ ಎನ್ನುತ್ತದೆ. ಆ ಮನೆಗೋ ಸದಾ ಬೀಗ. ಎಲೆ ಮುರಿದರೆ ಬಿಳಿ ಹಾಲು ಒಸರುತ್ತದೆ, ಆದರೆ ಎರಡೂ ಒಂದೇ ಸಸ್ಯಕುಟುಂಬದವಾದ್ದರಿಂದ ಆ ಗುರುತು ಸಾಲದು. ದಳಗಳು ಒಂದರ ಮೇಲೊಂದು ಸುರುಳಿಯಾಗಿ ಸುತ್ತಿಕೊಂಡಿವೆ, ಎಲೆಗಳು ಕಿರಿದಾಗಿ ಹೊಳೆಯುತ್ತವೆ, ಕಾಯಿ ಇನ್ನೂ ಕಂಡಿಲ್ಲ. ಕಾಯಿಗಾಗಿ ಕಾಯದೆ, ಎಲೆಗಳ ಜೋಡಣೆಯಿಂದಲೋ ಹೂವಿನ ಆಕಾರದಿಂದಲೋ ಇವೆರಡನ್ನು ಖಚಿತವಾಗಿ ಗುರುತಿಸುವುದು ಹೇಗೆಂದು ಬಲ್ಲವರು ದಯವಿಟ್ಟು ತಿಳಿಸುವಿರಾ?