ಸ್ಕ್ರಬ್ ಹಚ್ಚಿದ್ರ ಎರಡು ಡಿಸ್ಕ್ ಕಾಣದಂಗ ಆಗ್ತಾವ: ಇದನ್ನ ರಿಪೇರಿ ಮಾಡ್ಲ್ಯೋ, ಹೊಸಾ ಸಣ್ಣ ನ್ಯಾಸ್ ಕಟ್ಲ್ಯೋ?

ತಂಬೂರಿ, ಧಾರವಾಡ

ಎಲ್ಲಾರಿಗೂ ನಮಸ್ಕಾರ್ರಿ. ನಾನು ಮಾಳಮಡ್ಡಿಯಾಕಿ, ಮನ್ಯಾಗ ಹುಡುಗರಿಗೆ ಹಾಡು ಕಲಸ್ತೀನಿ. ಕಂಪ್ಯೂಟರ್ ಕೆಲಸ ಓದಿ, ನೋಡಿ ಕಲ್ತದ್ದು. ತಪ್ಪು ಹೇಳಿದ್ರ ತಿದ್ರಿ.

ನಮ್ಮ ಅಪ್ಪಾರು ಮನಿ ಬೈಠಕ್, ರೇಡಿಯೋ ಕಾರ್ಯಕ್ರಮ, ಪುಣ್ಯತಿಥಿ ಸಂಗೀತ ಅಂತ ವರ್ಷಾನುಗಟ್ಟಲೆ ರೆಕಾರ್ಡ್ ಮಾಡಿಟ್ಟ ಕ್ಯಾಸೆಟ್ 310 ಅದಾವ. ಎಲ್ಲಾ ಸಿ-90. ಅವನ್ನ 24 ಬಿಟ್, 96 ಕಿಲೋಹರ್ಟ್ಸ್‌ನ್ಯಾಗ ಕಂಪ್ಯೂಟರಿಗೆ ಇಳಿಸಾಕತ್ತೀನಿ. ಕೆಲವು ಟೇಪಿಗೆ ಬೂಷ್ಟು ಹತ್ತೇತಿ, ಒಂದು ಸಲ ಓಡಿಸಿದ ಮ್ಯಾಲ ಇನ್ನೊಮ್ಮೆ ಓಡಸಾಕ ಧೈರ್ಯ ಬರೂದಿಲ್ಲ. ಹಿಂಗಾಗಿ ಡಿಸ್ಕಿನ್ಯಾಗಿನ ಫೈಲೇ ಇನ್ನ ಮೂಲ ಅನ್ನೂ ಹಂಗ ಆಗೇತಿ.

ಆ ಫೈಲ್ ಇಡೂ ನ್ಯಾಸ್ (ಮನಿ ನೆಟ್‌ವರ್ಕಿಗೆ ಹಚ್ಚಿದ ಡಿಸ್ಕಿನ ಡಬ್ಬಿ) ಹಿಂಗೈತಿ: ಹಳೇ ಡೆಸ್ಕ್‌ಟಾಪ್ ಬೋರ್ಡ್, 8 ಜಿಬಿ ರ‍್ಯಾಮ್, 2 ಟಿಬಿಯ ನಾಕು ಡಿಸ್ಕ್, ಟ್ರೂನ್ಯಾಸ್ (ಝಡ್‌ಎಫ್‌ಎಸ್ ಅನ್ನೂ ಫೈಲ್ ಸಿಸ್ಟಮ್ಮಿನ ಮ್ಯಾಲ ನಡಿಯೂ ನ್ಯಾಸ್ ಸಾಫ್ಟ್‌ವೇರ್), ನಾಕೂ ಡಿಸ್ಕ್ ಕೂಡಿಸಿ ಒಂದು ಪೂಲ್ ಮಾಡೂ ರೇಡ್‌ಝಡ್1. ಬೋರ್ಡಿನ್ಯಾಗ ಎರಡೇ ಸಾಟಾ ಪೋರ್ಟ್ (ಡಿಸ್ಕ್ ಹಚ್ಚೂ ಕಿಂಡಿ) ನೆಟ್ಟಗದಾವ, ಉಳಿದ ಎರಡು ಡಿಸ್ಕಿಗೆ ಒಂದು ಪಿಸಿಐ ಎಕ್ಸ್‌ಪ್ರೆಸ್ ಕಾರ್ಡ್ ಹಾಕೀನಿ. ತಿಂಗಳಿಗೊಮ್ಮೆ ಸ್ಕ್ರಬ್ (ಡಿಸ್ಕಿನ್ಯಾಗಿನ ಡೇಟಾ ಎಲ್ಲಾ ಓದಿ ತಪ್ಪು ಹುಡುಕೂ ತಪಾಸಣಿ) ಹಚ್ಚಿದ್ರ ಅರ್ಧಾ ತಾಸಿನ್ಯಾಗ ಒಂದು ಡಿಸ್ಕ್ ಹೋಗ್ತೈತಿ, ಅದರ ಬೆನ್ನ ಹಿಂದ ಇನ್ನೊಂದು. ಪೂಲ್ ಸಸ್ಪೆಂಡ್, ಅಂದ್ರ ಓದೂದು ಬರಿಯೂದು ಎಲ್ಲಾ ನಿಲ್ತೈತಿ. ಬಂದ್ ಮಾಡಿ ಚಾಲೂ ಮಾಡಿದ್ರ ನಾಕೂ ಏನೂ ಆಗದಂಗ ಬಂದು ಕುಂದರ್ತಾವ.

ಹೆಂಗೂ ಇದು ದೊಡ್ಡ ಡಬ್ಬಿ, ಸಪ್ಪಳಾನೂ ಭಾಳ. ಅದಕ ನಾಕು ಹೊಸಾ ಡಿಸ್ಕ್ ಹಾಕಿ ಒಂದು ಸಣ್ಣ ನ್ಯಾಸ್ ಕಟ್ಟಬೇಕು ಅಂತ ವಿಚಾರ ಮಾಡೀನಿ. ಯಾವ ಬೋರ್ಡ್ ತಗೋಬೇಕು ಹೇಳ್ರಿ.

ರಾಣೇಬೆನ್ನೂರು ವಿದ್ಯಾರ್ಥಿ

ಅಕ್ಕಾರ, ಆ ಕಾರ್ಡೇ ಕೆಟ್ಟಿರಬೇಕು ಅನ್ನಸ್ತೈತಿ. ಅಗ್ಗದ ಸಾಟಾ ಕಾರ್ಡ್ ಜಗ್ಗಿ ಕೆಲಸ ಬಿದ್ದಾಗ ಕೈ ಕೊಡ್ತಾವ. ಇಂಟೆಲ್ ಎನ್100 ಪ್ರೊಸೆಸರ್ ಇರೂ ಮಿನಿ-ಐಟಿಎಕ್ಸ್ ಅನ್ನೂ ಸಣ್ಣ ಬೋರ್ಡ್ ನೋಡ್ರಿ, ಆರು ಸಾಟಾ ಪೋರ್ಟ್ ಇರೂವೂ ಸಿಗ್ತಾವ.

ದುರ್ಗದಬೈಲ್ ರಿಪೇರಿ, ಹುಬ್ಬಳ್ಳಿ

ತಡೀರಿ. ಏನರ ಖರೀದಿ ಮಾಡೂಕಿಂತ ಮೊದಲ ಎರಡು ಕೆಲಸ ಮಾಡ್ರಿ ಅಕ್ಕಾರ.

ಒಂದು: ಸ್ಕ್ರಬ್ ಹಚ್ಚಬ್ಯಾಡ್ರಿ. ಈಗ ಡಬ್ಬಿ ಚಾಲೂ ಇದ್ರ, ಇಳಿಸಿದ್ದಷ್ಟನ್ನೂ ಇವತ್ತೇ ಒಂದು ಹೊರಗಿನ ಡಿಸ್ಕಿಗೆ ಕಾಪಿ ಮಾಡ್ರಿ. ರೇಡ್‌ಝಡ್1 ಒಂದು ಡಿಸ್ಕ್ ಹೋದ್ರ ತಾಳ್ತೈತಿ, ಎರಡು ಹೋದ್ರ ಇಲ್ಲ. ನಿಮ್ಮ ಪೂಲ್ ಪ್ರತಿ ಸಲ ಬದುಕಿ ಬರಾಕತ್ತಿದ್ದು, ಡಿಸ್ಕ್ ಹೋಗಿದ್ದು ತಾತ್ಪೂರ್ತಿ ಅಂತ ಅಷ್ಟೇ.

ಎರಡು: ನಾಕೂ ಡಿಸ್ಕಿನ ಸ್ಮಾರ್ಟ್ ವರದಿ (ಡಿಸ್ಕ್ ತನ್ನ ಆರೋಗ್ಯದ್ದು ತಾನೇ ಇಡೂ ಲೆಕ್ಕ) ತಗೀರಿ. 5, 12, 192, 197, 199, ಈ ಐದು ಸಾಲಿನ ಅಂಕಿ ಬೇಕು. ಯಾವ ಡಿಸ್ಕ್ ಯಾವ ಪೋರ್ಟಿಗೈತಿ, ಪವರ್ ವಾಯರ್ ಎಲ್ಲಿಂದ ಬಂದೈತಿ, ಅದನ್ನೂ ಬರೀರಿ. ಹೋಗೂವು ಯಾವಾಗಲೂ ಅವೇ ಎರಡೋ, ಬದಲಿ ಆಗ್ತಾವೋ?

ತಂಬೂರಿ, ಧಾರವಾಡ

ಕಾಪಿ ಆತ್ರಿ. ರಾತ್ರಿ ಪೂರ್ತಿ ಹಿಡೀತು, ಆದ್ರ ಒಂದೂ ಡಿಸ್ಕ್ ಹೋಗ್ಲಿಲ್ಲ. ಹೋಗೂವು ಯಾವಾಗಲೂ ಎರಡನೇದು ಮತ್ತ ನಾಕನೇದು. 5 ಮತ್ತ 197 ಎಲ್ಲಾದರಾಗೂ ಸೊನ್ನಿ.

ಡಿಸ್ಕ್ ಒಂದು, ಬೋರ್ಡ್ ಪೋರ್ಟ್: 12ನೇ ಸಾಲು 64, 192ನೇದು 9, 199ನೇದು 0.
ಡಿಸ್ಕ್ ಎರಡು, ಬೋರ್ಡ್ ಪೋರ್ಟ್: 211, 150, 3.
ಡಿಸ್ಕ್ ಮೂರು, ಕಾರ್ಡ್: 64, 8, 0.
ಡಿಸ್ಕ್ ನಾಕು, ಕಾರ್ಡ್: 209, 149, 2.

ಒಂದಕ್ಕ, ಮೂರಕ್ಕ ಪವರ್ ಸಪ್ಲೈನ ಸ್ವಂತ ಸಾಟಾ ವಾಯರ್ ಐತಿ. ಎರಡಕ್ಕ, ನಾಕಕ್ಕ ಮೊಲೆಕ್ಸ್‌ನಿಂದ ಸಾಟಾ ಮಾಡೂ ಸ್ಪ್ಲಿಟರ್ (ಹಳೇ ಥರದ ಒಂದು ಪವರ್ ತುದಿಯಿಂದ ಎರಡು ಸಾಟಾ ತುದಿ ತಗಿಯೂ ವಾಯರ್) ಹಾಕೀನಿ. ಅದನ್ನ ಬರೀಬೇಕು ಅಂತ ಮೊದಲ ಹೊಳೀಲೇ ಇಲ್ಲ.

ದುರ್ಗದಬೈಲ್ ರಿಪೇರಿ, ಹುಬ್ಬಳ್ಳಿ

ಸಿಕ್ತು ನೋಡ್ರಿ. ಇದು ಡಿಸ್ಕಿನ ತಪ್ಪಲ್ಲ, ಕಾರ್ಡಿಂದೂ ಅಲ್ಲ.

ಕಾರ್ಡ್ ಕೆಟ್ಟಿದ್ರ ಮೂರನೇದು, ನಾಕನೇದು ಜೋಡಿ ಆಗಿ ಹೋಗ್ತಿದ್ವು. ಬೋರ್ಡ್ ಕೆಟ್ಟಿದ್ರ ಒಂದು, ಎರಡು ಹೋಗ್ತಿದ್ವು. ಹೋಗೂವು ಎರಡು, ನಾಕು. ಈ ಎರಡರ ನಡುವ ಕೂಡೂದು ಆ ಸ್ಪ್ಲಿಟರ್ ಒಂದೇ.

ಅಂಕಿನೂ ಅದನ್ನ ಹೇಳ್ತಾವ. 5, 197 ಅಂದ್ರ ಡಿಸ್ಕಿನ್ಯಾಗಿನ ಕೆಟ್ಟ ಜಾಗದ ಲೆಕ್ಕ, ಎರಡೂ ಸೊನ್ನಿ. 12 ಅಂದ್ರ ಡಿಸ್ಕಿಗೆ ಕರೆಂಟ್ ಎಷ್ಟು ಸಲ ಬಂತು ಅನ್ನೂ ಲೆಕ್ಕ. ಒಂದೇ ಡಬ್ಬಿಯೊಳಗ ಒಂದೇ ದಿನ ಹಾಕಿದ ಡಿಸ್ಕ್, ಒಂದರಾಗ 64, ಇನ್ನೊಂದರಾಗ 211 ಹೆಂಗ ಆದೀತು? ಡಬ್ಬಿ ಚಾಲೂ ಇದ್ದಾಗ ಆ ಎರಡಕ್ಕ ಮಾತ್ರ ಕರೆಂಟ್ ಹೋಗಿ ಬಂದೈತಿ. 192 ಅಂದ್ರ ಹೇಳದ ಕೇಳದ ಕರೆಂಟ್ ಹೋದಾಗ ಹೆಡ್ ಅವಸರಲೆ ಬದಿಗೆ ಸರಿದದ್ದರ ಲೆಕ್ಕ, ಅದೂ ಅಲ್ಲೇ ಏರೇತಿ. 199 ಅಂದ್ರ ಕೇಬಲ್ಲಿನ್ಯಾಗ ಡೇಟಾ ಹೋಗೂವಾಗ ಆದ ತಪ್ಪಿನ ಲೆಕ್ಕ. ಡೇಟಾ ಕೇಬಲ್ ಕೆಟ್ಟಿದ್ರ ಅದು ನೂರು, ಸಾವಿರ ದಾಟ್ತಿತ್ತು. ನಿಮ್ಮಲ್ಲಿ ಮೂರು, ಎರಡು. ಅದು ನಡುವ ಸಂಪರ್ಕ ಹರಿದಾಗ ಬಂದದ್ದು.

ಸ್ಕ್ರಬ್ಬಿಗೇ ಯಾಕ ಅಂದ್ರ, ಆಗ ನಾಕೂ ಡಿಸ್ಕ್ ಒಮ್ಮೆಲೆ ಬಿಡುವಿಲ್ಲದ ಓದ್ತಾವ, ಹೆಡ್ ಓಡಾಡಿ 12 ವೋಲ್ಟಿನ ಕರೆಂಟ್ ಜಾಸ್ತಿ ಎಳೀತಾವ. ಸಡಲ ಪಿನ್ನು ಕಾಯ್ತೈತಿ, ಕಾದಷ್ಟು ತಡೆ ಏರ್ತೈತಿ, ವೋಲ್ಟೇಜ್ ಇಳೀತೈತಿ. ಒಂದು ಡಿಸ್ಕ್ ನಿಂತು ಮತ್ತ ತಿರಗಾಕ ಹತ್ತಿದಾಗ ಸುಮಾರು 2 ಆಂಪಿಯರ್ ಎಳೀತೈತಿ. ಅದೇ ವಾಯರಿನ್ಯಾಗಿನ ಇನ್ನೊಂದಕ್ಕ ಕೊರತಿ ಬಿದ್ದು ಅದೂ ಹೋಗ್ತೈತಿ. ನೀವು ಬರದ "ಅದರ ಬೆನ್ನ ಹಿಂದ ಇನ್ನೊಂದು" ಅನ್ನೂದು ಇದೇ.

ಮೇನ್ ಸ್ವಿಚ್ ಬಂದ್ ಮಾಡಿ, ವಾಯರ್ ಕಿತ್ತು, ಸ್ಪ್ಲಿಟರಿನ ತುದಿ ನೋಡ್ರಿ. ಪ್ಲಾಸ್ಟಿಕ್ ಕಂದು ಆಗೇತೇನು? ವಾಯರಿನ ಮ್ಯಾಲ ಪ್ಲಾಸ್ಟಿಕ್ ಎರಕ ಹೊಯ್ದು ಮಾಡಿದ ಸ್ಪ್ಲಿಟರ್ ಇದ್ರ ಅದನ್ನ ತಿರುಗಿ ಹಾಕಬ್ಯಾಡ್ರಿ. ಅಂಥಾವು ಒಳಗ ಶಾರ್ಟ್ ಆಗಿ ಬೆಂಕಿ ಹತ್ತಿದ್ದನ್ನ ನನ್ನ ಟೇಬಲ್ ಮ್ಯಾಲೇ ನೋಡೀನಿ. ಪವರ್ ಸಪ್ಲೈನ ಸ್ವಂತ ಸಾಟಾ ವಾಯರ್ ಬ್ಯಾರೆ ತುದಿ ಐತೇನು ಹುಡುಕ್ರಿ.

ತಂಬೂರಿ, ಧಾರವಾಡ

ಅಣ್ಣಾರ, ಒಂದು ತುದಿ ಕಂದು ಆಗೇತಿ, ಮೂಗಿನ ಹತ್ರ ಹಿಡಿದ್ರ ಸುಟ್ಟ ವಾಸನಿ. ಕೈ ನಡಗಿತ್ರಿ ನೋಡಿ. ಆ ಡಬ್ಬಿ ಬಾಗಿಲಿರೂ ಕಟ್ಟಿಗಿ ಕಪಾಟಿನೊಳಗ ಇತ್ತು, ಮಗ್ಗಲಕ್ಕ ಅಪ್ಪಾರ ಕ್ಯಾಸೆಟ್ಟು.

ಪವರ್ ಸಪ್ಲೈನ್ಯಾಗ ಇನ್ನೊಂದು ಸಾಟಾ ವಾಯರ್ ಮಡಚಿ ಕಟ್ಟಿದ್ದು ಸಿಕ್ತು, ಎರಡಕ್ಕೂ ಅದನ್ನ ಹಾಕೀನಿ. ಡಬ್ಬಿ ಕಪಾಟಿನಿಂದ ಹೊರಗ ತಗದೀನಿ. ಇವತ್ತು ರಾತ್ರಿ ಸ್ಕ್ರಬ್ ಹಚ್ತೀನಿ. ಆದ್ರೂ ಸಣ್ಣ ನ್ಯಾಸ್ ಬೇಕೇ ಬೇಕು. ಕುಂತು ರಿಯಾಜ್ ಮಾಡೂ ಕೋಣಿಯೊಳಗ ಇದು ಗುಂಯ್ ಅಂತಿದ್ರ ತಂಬೂರಿ ಕೂಡಸಾಕ ಆಗೂದಿಲ್ಲ.

ಬೆಟಗೇರಿ ಲಿನಕ್ಸ್, ಗದಗ

ಅಕ್ಕಾ, ನಿಮಗೆ ನಾಕು ಡಿಸ್ಕ್ ಬೇಕಾಗಿಲ್ಲ. ಲೆಕ್ಕ ಹಾಕೂಣು ಬರ್ರಿ.

24 ಬಿಟ್ ಅಂದ್ರ 3 ಬೈಟ್. 96,000 ಗುಣಿಸು 3, ಎರಡು ಚಾನಲ್: ಸೆಕೆಂಡಿಗೆ 5,76,000 ಬೈಟ್, ತಾಸಿಗೆ 2.07 ಜಿಬಿ. 310 ಕ್ಯಾಸೆಟ್, ಒಂದೂವರಿ ತಾಸಿನಂಗ 465 ತಾಸು. ಒಟ್ಟು ಸುಮಾರು 965 ಜಿಬಿ. ಫ್ಲಾಕ್ (ಗುಣ ಕೆಡದಂಗ ಫೈಲ್ ಕುಗ್ಗಿಸೂ ರೀತಿ) ಮಾಡಿದ್ರ ಇನ್ನೂ ಕಡಿಮಿ, ಆದ್ರ ಹಳೇ ಟೇಪಿನ ಸುಯ್ಯನ್ನೂ ಸಪ್ಪಳ ಚಲೋ ಕುಗ್ಗೂದಿಲ್ಲ, ಅರ್ಧಾಕ್ಕಿಂತ ತುಸು ಹೆಚ್ಚೇ ಹಿಡೀರಿ. ಮೂಲ, ಫ್ಲಾಕ್ ಎರಡೂ ಇಟ್ರೂ ಒಂದೂವರಿ ಟಿಬಿ. 4 ಟಿಬಿಯ ಎರಡು ಡಿಸ್ಕ್ ಮಿರರ್ ಮಾಡಿದ್ರ (ಎರಡರಾಗೂ ಅದೇ ಡೇಟಾ) ಧಾರಾಳ.

ಎರಡೇ ಡಿಸ್ಕ್ ಅಂದ ಕೂಡಲೆ ಬೋರ್ಡಿನ ತಲಿಬ್ಯಾನಿ ಹೋಗ್ತೈತಿ. ಎನ್100 ಚಿಪ್ಪಿನೊಳಗ ಸಾಟಾ ಎರಡೇ ಬರ್ತಾವ. ಆರು ಪೋರ್ಟಿನ ಬೋರ್ಡ್ ಅಂತ ಮಾರೂವುಗಳಾಗ ಉಳಿದ ಪೋರ್ಟ್ ಎಎಸ್‌ಎಂ1166, ಜೆಎಂಬಿ585 ಥರದ ಬ್ಯಾರೆ ಚಿಪ್ಪಿನಿಂದ ಬರ್ತಾವ. ಅವು ಕೆಟ್ಟಾವು ಅಂತ ಅಲ್ಲ, ಆದ್ರ ಕೆಡಾಕ ಇನ್ನೊಂದು ಸಾಮಾನು ಆತು. ಪೋರ್ಟ್ ಮಲ್ಟಿಪ್ಲೈಯರ್ (ಒಂದು ಪೋರ್ಟನ್ನ ಹಂಚಿ ಹಲವು ಮಾಡೂ ಚಿಪ್) ಇರೂ ಬೋರ್ಡಂತೂ ಝಡ್‌ಎಫ್‌ಎಸ್‌ಗೆ ಬ್ಯಾಡೇ ಬ್ಯಾಡ. ನೀವು ಚಿಪ್ಪಿನ ಸ್ವಂತ ಎರಡು ಪೋರ್ಟಿಗೆ ಎರಡು ಡಿಸ್ಕ್ ಹಚ್ರಿ, ಸಿಸ್ಟಮ್ಮಿಗೆ ಒಂದು ಸಣ್ಣ ಎನ್‌ವಿಎಂಇ ಎಸ್‌ಎಸ್‌ಡಿ, 16 ಜಿಬಿಯ ಒಂದೇ ರ‍್ಯಾಮ್. ಅದಕ್ಕಿಂತ ಹೆಚ್ಚಿಂದಕ್ಕ ಇಂಟೆಲ್ ಆ ಚಿಪ್ಪಿಗೆ ಭರವಸಿ ಕೊಟ್ಟಿಲ್ಲ, ನಿಮಗ ಬೇಕಾಗೂದೂ ಇಲ್ಲ.

ಡಿಸ್ಕ್ ಮಾತ್ರ ನೋಡಿ ತಗೋರಿ. ಸಿಎಂಆರ್ (ಟ್ರ್ಯಾಕ್ ಒಂದರ ಮ್ಯಾಲೊಂದು ಏರದ ಬಗಿ) ಅಂತ ತಯಾರಕರ ಪಟ್ಟಿಯೊಳಗ ಇರಬೇಕು. ಎಸ್‌ಎಂಆರ್ ಡಿಸ್ಕಿನ್ಯಾಗ ಟ್ರ್ಯಾಕ್ ಒಂದರ ಮ್ಯಾಲೊಂದು ಹೆಂಚಿನಂಗ ಏರಿರ್ತಾವ, ಒಂದನ್ನ ಬದಲಿ ಮಾಡಾಕ ಬಾಜೂದನ್ನೂ ತಿರುಗಿ ಬರೀಬೇಕು. ಕೆಟ್ಟ ಡಿಸ್ಕ್ ತಗದು ಹೊಸಾದು ಹಾಕಿ ಮಿರರ್ ತುಂಬೂವಾಗ ಅದು ಉಸಿರು ಬಿಡ್ತೈತಿ. ವೆಸ್ಟರ್ನ್ ಡಿಜಿಟಲ್ ರೆಡ್ ಪ್ಲಸ್, ಸೀಗೇಟ್ ಐರನ್‌ವುಲ್ಫ್ ಎರಡೂ ಸಿಎಂಆರ್. ಬರೇ "ರೆಡ್" ಅಂತ ಇದ್ರ ಮಾಡೆಲ್ ನಂಬರ್ ಪೂರ್ತಿ ಓದ್ರಿ, ಅದರಾಗ ಎಸ್‌ಎಂಆರ್ ಅದಾವ ಅನ್ನೂದು 2020ರಾಗ ಬಯಲಾತು.

ಇನ್ನೊಂದು ದಾರಿ, ಆಫೀಸಿನಿಂದ ಬಂದ ಸೆಕೆಂಡ್ ಹ್ಯಾಂಡ್ ಸಣ್ಣ ಡೆಸ್ಕ್‌ಟಾಪ್. ರೊಕ್ಕ ಉಳೀತೈತಿ. ಆದ್ರ ಮೂರೂವರಿ ಇಂಚಿನ ಡಿಸ್ಕ್ ಎರಡು ಹಿಡಸ್ತಾವೋ ಇಲ್ಲೋ ತಗದು ನೋಡಿ ತಗೋರಿ, ಎಷ್ಟೋ ಮಾಡೆಲ್ಲಿನ್ಯಾಗ ಒಂದೇ ಹಿಡಸ್ತೈತಿ. ಕೆಲವುದರ ಪವರ್ ಸಪ್ಲೈ ಕನೆಕ್ಟರ್ ಆ ಕಂಪನಿದೇ ಇರ್ತೈತಿ, ಕೆಟ್ರ ಹುಬ್ಬಳ್ಳಿ ಪೂರ್ತಿ ತಿರುಗಿದ್ರೂ ಸಿಗೂದು ಕಷ್ಟ. ನಿಮ್ಮ ಕೋಣಿಗೆ ಎನ್100 ಚಲೋ.

ತಂಬೂರಿ, ಧಾರವಾಡ

ಸ್ಕ್ರಬ್ ಮುಗೀತ್ರಿ! ಐದು ತಾಸು, ಒಂದೂ ಡಿಸ್ಕ್ ಹೋಗ್ಲಿಲ್ಲ, ತಪ್ಪು ಸೊನ್ನಿ. 12ನೇ ಸಾಲೂ ಅಲ್ಲೇ ನಿಂತೈತಿ.

ಮತ್ತ ಮೂರು ಪ್ರಶ್ನಿ ಅದಾವ. ಇಸಿಸಿ (ತಪ್ಪು ತಾನೇ ತಿದ್ದೂ) ರ‍್ಯಾಮ್ ಇಲ್ಲದ ಝಡ್‌ಎಫ್‌ಎಸ್ ಮಾಡಬಾರದು ಅಂತಾರಲ್ಲ? 2.5 ಗಿಗಾಬಿಟ್ ನೆಟ್‌ವರ್ಕ್ ಬೇಕೇನು? ಮನ್ಯಾಗ ಇನ್ವರ್ಟರ್ ಐತಿ, ಆದ್ರೂ ಕರೆಂಟ್ ಹೋದಾಗ ಕೆಲವೊಮ್ಮೆ ಡಬ್ಬಿ ರೀಸ್ಟಾರ್ಟ್ ಆಗ್ತೈತಿ, ಯಾಕ?

ಬೆಟಗೇರಿ ಲಿನಕ್ಸ್, ಗದಗ

ಇಸಿಸಿ ಇದ್ರ ಚಲೋ, ಇಲ್ಲದಿದ್ರೂ ಝಡ್‌ಎಫ್‌ಎಸ್ ಬ್ಯಾರೆ ಫೈಲ್ ಸಿಸ್ಟಮ್ಮಿಗಿಂತ ಕೆಟ್ಟದ್ದೇನೂ ಅಲ್ಲ. ಹೊಸಾ ರ‍್ಯಾಮ್ ಬಂದ ದಿನ ಒಂದು ರಾತ್ರಿ ಮೆಮ್‌ಟೆಸ್ಟ್ ಓಡಿಸ್ರಿ. ಗಿಗಾಬಿಟ್ ಸಾಕು, ಸೆಕೆಂಡಿಗೆ 110 ಎಂಬಿ ಹೋಗ್ತೈತಿ, ಒಂದು ತಾಸಿನ ಹಾಡು ಇಪ್ಪತ್ತು ಸೆಕೆಂಡಿನ್ಯಾಗ ಮುಟ್ತೈತಿ.

ದುರ್ಗದಬೈಲ್ ರಿಪೇರಿ, ಹುಬ್ಬಳ್ಳಿ

ಇನ್ವರ್ಟರಿನ ಹಿಂದೋ ಮುಂದೋ ಒಂದು ಸ್ವಿಚ್ ಇರ್ತೈತಿ, ಯುಪಿಎಸ್ ಅಂತ ಒಂದು ಕಡಿ, ಇಕೋ ಇಲ್ಲಾ ನಾರ್ಮಲ್ ಅಂತ ಇನ್ನೊಂದು ಕಡಿ. ಇಕೋದಾಗ ಇದ್ರ ಬದಲಿ ಆಗಾಕ ವ್ಯಾಳ್ಯಾ ಹಿಡೀತೈತಿ, ಫ್ಯಾನ್ ಲೈಟಿಗೆ ಗೊತ್ತಾಗೂದಿಲ್ಲ, ಕಂಪ್ಯೂಟರಿಗೆ ಗೊತ್ತಾಗ್ತೈತಿ. ಯುಪಿಎಸ್ ಕಡಿ ಮಾಡ್ರಿ. ಅದರ ಮ್ಯಾಲ ನ್ಯಾಸಿಗೆ ಯುಎಸ್‌ಬಿ ಇರೂ 600 ವಿಎ ಯುಪಿಎಸ್ ಒಂದು ಇರ್ಲಿ. ಇನ್ವರ್ಟರ್ ಬ್ಯಾಟರಿ ಮುಗದದ್ದು ನ್ಯಾಸಿಗೆ ತಿಳಿಯೂದಿಲ್ಲ, ಯುಪಿಎಸ್ ಯುಎಸ್‌ಬಿಲೆ ಹೇಳ್ತೈತಿ, ಟ್ರೂನ್ಯಾಸ್ ತಾನೇ ನೆಟ್ಟಗ ಬಂದ್ ಆಗ್ತೈತಿ.

ಕೆಲವು ಎನ್100 ಬೋರ್ಡ್ 12 ವೋಲ್ಟ್ ಅಡಾಪ್ಟರಿನಿಂದ ನಡೀತಾವ, ಡಿಸ್ಕಿಗೂ ಬೋರ್ಡಿನಿಂದಲೇ ಪವರ್. ಚಾಲೂ ಆಗೂವಾಗ ಎರಡು ಡಿಸ್ಕಿಗೆ 4 ಆಂಪಿಯರ್, ಅಂದ್ರ 48 ವ್ಯಾಟ್, ಬೋರ್ಡಿಗೆ ಒಂದು ಇಪ್ಪತ್ತು ಹಿಡೀರಿ. 12 ವೋಲ್ಟ್ 10 ಆಂಪಿಯರ್ ಅಡಾಪ್ಟರ್ ತಗೋರಿ. ಬೋರ್ಡಿನ ಕನೆಕ್ಟರ್ ಎಷ್ಟು ಡಿಸ್ಕ್ ತಾಳ್ತೈತಿ ಅನ್ನೂದು ಕೈಪಿಡಿಯೊಳಗ ಇರ್ತೈತಿ, ಅದನ್ನ ಓದದ ಹಚ್ಚಬ್ಯಾಡ್ರಿ. ಮತ್ತ ಸ್ಪ್ಲಿಟರ್ ಬ್ಯಾಡ.

ಸಪ್ಪಳದ್ದು: 7200 ಸುತ್ತಿನ ಡಿಸ್ಕ್ ಸೆಕೆಂಡಿಗೆ 120 ಸಲ ತಿರಗ್ತೈತಿ, 5400ದ್ದು 90 ಸಲ. ಗುಂಯ್ ಅನ್ನೂದು ಅದೇ. ನಿಧಾನದ್ದು ತಗೋರಿ, ರಬ್ಬರ್ ಬುಷ್ ಹಾಕಿ ಕುಂದರಿಸ್ರಿ, ಕಟ್ಟಿಗಿ ಹಲಗಿ ಮ್ಯಾಲ ಇಡಬ್ಯಾಡ್ರಿ. ಹಲಗಿ ತಂಬೂರಿ ಕುಂಬಳದಂಗ ಆ ಸಪ್ಪಳ ಎತ್ತಿ ಕೊಡ್ತೈತಿ.

ತಂಬೂರಿ, ಧಾರವಾಡ

120 ಅಂದ್ರ ಹಾರ್ಮೋನಿಯಂನ ಮಂದ್ರ ಬಿಳಿ ಏಳಕ್ಕಿಂತ ತುಸು ಕೆಳಗ. ನಮ್ಮ ಡಿಸ್ಕ್ ಬೆಸೂರ ಅಂತ ನನಗ ಅನಸ್ತಿದ್ದದ್ದು ಖರೇ ಐತಿ ಹಂಗಾರ.

ಎನ್100 ಬೋರ್ಡ್, 5400 ಸುತ್ತಿನ 4 ಟಿಬಿ ಎರಡು, ಯುಪಿಎಸ್ ಒಂದು ಆರ್ಡರ್ ಮಾಡೀನಿ. ಇನ್ವರ್ಟರ್ ಇಕೋದಾಗೇ ಇತ್ತು, ತಿರುಗಿಸೀನಿ. ಹಳೇ ನಾಕು ಡಿಸ್ಕ್ ಏನು ಮಾಡ್ಲಿ?

ಬೆಟಗೇರಿ ಲಿನಕ್ಸ್, ಗದಗ

ಮಾರಬ್ಯಾಡ್ರಿ. ಒಂದೊಂದರಾಗೂ ಪೂರ್ತಿ 965 ಜಿಬಿ ಹಿಡಸ್ತೈತಿ. ಎರಡರಾಗ ಒಂದೊಂದು ಕಾಪಿ ಮಾಡಿ, ಒಂದು ನಿಮ್ಮ ಮನ್ಯಾಗ ವಾಯರ್ ಕಿತ್ತು ಇಡ್ರಿ, ಇನ್ನೊಂದು ಬ್ಯಾರೆ ಊರಾಗ. ಮಿರರ್ ಇದ್ರೂ ತಪ್ಪಿ ಅಳಿಸಿದ್ರ ಎರಡೂ ಕಡಿ ಅಳೀತೈತಿ, ಕಪಾಟಿಗೆ ಬೆಂಕಿ ಹತ್ತಿದ್ರ ಎರಡೂ ಹೋಗ್ತಾವ.

ತಂಬೂರಿ, ಧಾರವಾಡ

ನಮ್ಮ ತಂಗಿ ಹಾವೇರ್ಯಾಗ ಇರ್ತಾಳ. ದೀಪಾವಳಿಗೆ ಬಂದಾಗ ಅಕಿ ಕೈಯಾಗ ಒಂದು ಕೊಟ್ಟು ಕಳಸ್ತೀನಿ, ಪಂಚಮಿಗೆ ತಂದಾಗ ಹೊಸಾದಕ್ಕ ಬದಲಿ ಮಾಡ್ತೀನಿ. 118 ಕ್ಯಾಸೆಟ್ ಮುಗದಾವ, ಉಳಿದವು ನಾಳಿಯಿಂದ ಶುರು.