ಹಳೆಯ ಎಂಜಿಬಿಗೆ ಕಾಲೋಚಿತ ಸೀಟ್ ಬೆಲ್ಟ್ ಮತ್ತು ಟೈರು

ಪ್ರಶ್ನೆ, ಮಂಜೇಶ್ವರದಿಂದ:
ಮಾವನವರಿಂದ ಬಂದ 1965ರ ಎಂಜಿಬಿ ಎಂಬ ಬ್ರಿಟಿಷ್ ಸ್ಪೋರ್ಟ್ಸ್ ಕಾರನ್ನು ಅದರ ಕಾಲಕ್ಕೆ ಒಪ್ಪುವಂತೆ ಸಜ್ಜುಗೊಳಿಸುತ್ತಿದ್ದೇನೆ. ಬೆಲ್ಟುಗಳು ಬಿಸಿಲಿಗೆ ಜೀರ್ಣವಾಗಿವೆ, ಟೈರುಗಳು ಒಂದಕ್ಕೊಂದು ಹೊಂದುವುದಿಲ್ಲ. ಯಾವುದನ್ನು ಹಾಕಿಸಬಹುದೆಂದು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ, ಕಾಸರಗೋಡಿನಿಂದ:
ಸೊಂಟ ಮತ್ತು ಎದೆಯನ್ನು ಒಟ್ಟಿಗೆ ಹಿಡಿಯುವ ಮೂರು ಬಿಂದುಗಳ ಬೆಲ್ಟನ್ನು ವೋಲ್ವೋದ ನಿಲ್ಸ್ ಬೊಹ್ಲಿನ್ 1959ರಲ್ಲೇ ರೂಪಿಸಿದ್ದರಿಂದ ಅದು ನಿಮ್ಮ ಕಾರಿನ ಕಾಲಕ್ಕೆ ಹೊರತಾದುದಲ್ಲ. ಆದರೆ ತಾನಾಗಿ ಸುತ್ತಿಕೊಳ್ಳುವ ಸುರುಳಿಯದ್ದಕ್ಕಿಂತ ಕೈಯಿಂದ ಬಿಗಿಮಾಡುವ ಬಗೆಯೇ ಅಂದಿನ ರೂಪಕ್ಕೆ ಹತ್ತಿರ. ಹಳೆಯ ಬಕಲ್ ಎಷ್ಟೇ ಚಂದವಿದ್ದರೂ ಹಳೆಯ ಪಟ್ಟಿಯನ್ನು ಬಳಸಬೇಡಿ, ಅದೇ ಮಾದರಿಯಲ್ಲಿ ಹೊಸದಾಗಿ ತಯಾರಾದುದನ್ನು ತರಿಸಿಕೊಳ್ಳಿ. ಬೋಲ್ಟ್ ಬಿಗಿಯುವ ಮೊದಲು ಕಾರ್ಪೆಟ್ ಎತ್ತಿ ತಗಡನ್ನು ಪರೀಕ್ಷಿಸಿ. ನಮ್ಮ ಕರಾವಳಿಯ ಉಪ್ಪುಗಾಳಿಗೆ ತುಕ್ಕು ಒಳಗಿಂದೊಳಗೇ ಹರಡುತ್ತದೆ, ಅಂಥ ತಗಡಿಗೆ ಬಿಗಿದ ಬೆಲ್ಟು ಅಪಘಾತದ ಸೆಳೆತಕ್ಕೆ ಕಿತ್ತುಬರಬಹುದು.

ಉತ್ತರ, ಹೊಸೂರಿನಿಂದ:
ಟೈರಿನ ಮೂಲದ ಅಳತೆ 5.60-14 (ಅಗಲ ಮತ್ತು ಚಕ್ರದ ವ್ಯಾಸ, ಇಂಚುಗಳಲ್ಲಿ), ಬಗೆ ಕ್ರಾಸ್‌ಪ್ಲೈ, ಅಂದರೆ ಒಳಗಿನ ಎಳೆಗಳು ಓರೆಯಾಗಿ ಒಂದನ್ನೊಂದು ದಾಟುವಂಥದು. ಮಳೆಗಾಲದ ನಿಮ್ಮ ರಸ್ತೆಗಳಿಗೆ 155 ಮಿ.ಮೀ. ಅಗಲದ 14 ಇಂಚಿನ ರೇಡಿಯಲ್ (ಎಳೆಗಳು ಅಂಚಿನಿಂದ ಅಂಚಿಗೆ ನೇರವಾಗಿ ಹಾಯುವ) ಟೈರುಗಳೇ ಮೇಲೆಂಬುದು ನನ್ನ ಅಭಿಪ್ರಾಯ. ನಾಲ್ಕೂ ಒಂದೇ ಬಗೆಯವಾಗಿರಲಿ. ಮುಂದೆ ರೇಡಿಯಲ್, ಹಿಂದೆ ಕ್ರಾಸ್‌ಪ್ಲೈ ಹಾಕಿದರೆ ತಿರುವಿನಲ್ಲಿ ಹಿಂಬದಿ ಜಾರುವ ಅಪಾಯವಿದೆ. ತಂತಿಕಡ್ಡಿಯ ಚಕ್ರಗಳಾದರೆ ಟ್ಯೂಬ್ ಅಗತ್ಯ. ಟೈರಿನ ಮೇಲಿನ ನಾಲ್ಕು ಅಂಕಿಗಳಲ್ಲಿ ತಯಾರಾದ ವಾರ, ವರ್ಷಗಳಿರುತ್ತವೆ, ಓದಿಯೇ ಕೊಳ್ಳಿ.

ಪ್ರಶ್ನಿಸಿದವರಿಂದ:
ಕಾರ್ಪೆಟ್ ಎತ್ತಿ ನೋಡಿದೆ, ಎಡಬದಿಯಲ್ಲಿ ತುಕ್ಕು ಇದೆ. ಮೊದಲು ವೆಲ್ಡಿಂಗ್ ಮಾಡಿಸುತ್ತೇನೆ. ಇಬ್ಬರಿಗೂ ಕೃತಜ್ಞತೆಗಳು.